ಮಂಚದ ಕೆಳಗಿನ ಬಾಟಲಿ

1978ರಲ್ಲಿ ನಾನು ಮಧುಗಿರಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ಅಲ್ಲಿದ್ದವರಿಗೆ ಗೊತ್ತಾಗುತ್ತದೆ. ಗಂಡಸರ ವಾರ್ಡಿನಲ್ಲಿ ಹನ್ನೆರಡು ಮಂಚ. ಹಗಲು ಪಾಳಿಗೆ ನಾನೊಬ್ಬಳು, ಆಯಾ ಗಂಗಮ್ಮ ಒಬ್ಬಳು. ಎದೆಯ ಆಪರೇಷನ್ ಎಂದರೆ ಬೆಂಗಳೂರಿಗೆ ಚೀಟಿ ಬರೆದು ಕಳಿಸುವುದು ಎಂದಷ್ಟೇ ನಮಗೆ ಗೊತ್ತಿತ್ತು.

ಯುಗಾದಿ ಕಳೆದ ವಾರ ಮಿಡಿಗೇಶಿ ಕಡೆಯಿಂದ ಈರಣ್ಣ ಎಂಬ ಕುರಿ ಕಾಯುವವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಟಗರು ಗುದ್ದಿ ಬಲಗಡೆಯ ಪಕ್ಕೆಲುಬು ಮುರಿದಿತ್ತು. ಮುರಿದ ಮೂಳೆ ಶ್ವಾಸಕೋಶಕ್ಕೆ ಚುಚ್ಚಿ, ಗಾಳಿ ಎದೆಗೂಡಿಗೆ ಸೋರಿ, ಶ್ವಾಸಕೋಶ ಮುದುಡಿಹೋಗಿತ್ತು. ಇದನ್ನು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಬೆಂಗಳೂರು ಮುಟ್ಟುವವರೆಗೆ ಅವನು ಉಳಿಯುತ್ತಿರಲಿಲ್ಲ. ನಮ್ಮ ದೊಡ್ಡ ಡಾಕ್ಟರೇ ಪಕ್ಕೆಲುಬುಗಳ ನಡುವೆ ರಬ್ಬರ್ ಟ್ಯೂಬ್ ಇಳಿಸಿದರು. ಅವರ ಕೈ ಒಳ್ಳೆಯದು, ಅದನ್ನು ಇಲ್ಲವೆನ್ನಲಾರೆ.

ಟ್ಯೂಬಿನ ಇನ್ನೊಂದು ತುದಿ ಗಾಜಿನ ಬಾಟಲಿಯ ನೀರಿನಲ್ಲಿ ಮುಳುಗಿರಬೇಕು. ಎದೆಯ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ. ಹೊರಗಿನ ಗಾಳಿ ಒಳಗೆ ಹೋಗದಂತೆ ನೀರು ತಡೆಯುತ್ತದೆ. ಮುಖ್ಯವಾದ ನಿಯಮ ಒಂದೇ: ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಅದಕ್ಕೇ ಮಂಚದ ಕೆಳಗೆ ನೆಲದ ಮೇಲಿಟ್ಟೆವು. ಡಾಕ್ಟರು ಕೇಸ್ ಶೀಟಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಗಂಗಮ್ಮನಿಗೆ ಕನ್ನಡ ಓದುವುದಕ್ಕೂ ಬರುತ್ತಿರಲಿಲ್ಲ.

ಮೂರನೆಯ ದಿನ ಈರಣ್ಣ ಎದ್ದು ಕೂತು ಅಂಬಲಿ ಕುಡಿದ. ಅವನ ಹೆಂಡತಿ ಕೆಂಚಮ್ಮ ನನ್ನ ಕೈ ಹಿಡಿದುಕೊಂಡಳು.

"ಯಾವಾಗ್ ಬುಡ್ತೀರ ಕಣಮ್ಮ? ಕುರಿನೆಲ್ಲ ನಮ್ಮತ್ತೆ ಮ್ಯಾಲೆ ಬುಟ್ಟು ಬಂದ್ಬುಟ್ಟಿವ್ನಿ."

ಇನ್ನೆರಡು ದಿನ ಎಂದೆ.

ಮರುದಿನ ಜಿಲ್ಲೆಯ ಅಧಿಕಾರಿಗಳ ಇನ್‌ಸ್ಪೆಕ್ಷನ್ ಇತ್ತು. ಇನ್‌ಸ್ಪೆಕ್ಷನ್ ಎಂದರೆ ನಮ್ಮಲ್ಲಿ ಮದುವೆಮನೆ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಬಿಳಿ ಚಾದರಗಳು ಹೊರಗೆ ಬರುತ್ತವೆ, ರೋಗಿಗಳ ತಟ್ಟೆ, ಚೊಂಬು, ಬುತ್ತಿಗಂಟು ಮಾಯವಾಗುತ್ತವೆ, ನೆಲವೆಲ್ಲ ಫಿನಾಯಿಲ್. ರೋಗಿಗೆ ಒಳ್ಳೆಯದಾಗಲಿ ಎಂದು ಇದನ್ನು ಮಾಡಿದವರನ್ನು ನಾನಂತೂ ನೋಡಿಲ್ಲ. ದೊಡ್ಡ ಡಾಕ್ಟರು ಬೆಳಗ್ಗೆಯೇ ಬಂದು, "ಮಂಚದ ಕೆಳಗೆ ಒಂದು ಸಾಮಾನೂ ಕಾಣಬಾರದು" ಎಂದು ಹೇಳಿ ಹೋದರು. ನಾನು ಅದೇ ಮಾತನ್ನು ಗಂಗಮ್ಮನಿಗೆ ಸ್ವಲ್ಪ ಜೋರಾಗಿಯೇ ಹೇಳಿ, ರಿಜಿಸ್ಟರುಗಳನ್ನು ಹೊತ್ತುಕೊಂಡು ಆಫೀಸಿಗೆ ಹೋದೆ.

ಗಂಗಮ್ಮ ಹೇಳಿದ ಕೆಲಸ ಮಾಡಿದಳು. ಬಾಟಲಿಯನ್ನು ಸೆರಗಿನಲ್ಲಿ ಒರೆಸಿ, ಒಡೆಯದ ಹಾಗೆ ಎರಡೂ ಕೈಯಲ್ಲಿ ಎತ್ತಿ, ಮಂಚದ ಪಕ್ಕದ ಕಿಟಕಿ ಕಟ್ಟೆಯ ಮೇಲಿಟ್ಟಳು. ಬಾಟಲಿಯ ನೀರು ಟ್ಯೂಬಿನಲ್ಲಿ ಇಳಿದು ಈರಣ್ಣನ ಎದೆಯೊಳಗೆ ಹರಿಯಿತು, ಅದರ ಹಿಂದೆಯೇ ಗಾಳಿ.

ಕೆಂಚಮ್ಮನ ಕೂಗು ಕೇಳಿ ಓಡಿಬಂದೆ. ಈರಣ್ಣನ ತುಟಿ ನೀಲಿಗಟ್ಟಿತ್ತು. ಟ್ಯೂಬನ್ನು ಅದುಮಿ ಮುಚ್ಚುವ ಕ್ಲಾಂಪ್ ಹಾಕಿ, ಬಾಟಲಿ ಕೆಳಗಿಳಿಸಿ, ಹೊಸ ನೀರು ತುಂಬಿ ಜೋಡಿಸಿ, ಕ್ಲಾಂಪ್ ಬಿಟ್ಟೆ. ಡಾಕ್ಟರು ಬಂದು ಆಕ್ಸಿಜನ್ ಕೊಟ್ಟರು. ಜೀವ ಉಳಿಯಿತು. ಆದರೆ ಒಳಗೆ ಹೋಗಿದ್ದು ಅವನದೇ ಎದೆಯ ಕೊಳೆ ಬೆರೆತ ನೀರು. ವಾರದೊಳಗೆ ಜ್ವರ ಏರಿತು, ಎದೆಯಲ್ಲಿ ಕೀವು ಕಟ್ಟಿತು. ಕೊನೆಗೆ ಬೆಂಗಳೂರಿಗೇ ಕಳಿಸಬೇಕಾಯಿತು. ಅಲ್ಲಿ ಪಕ್ಕೆಲುಬಿನ ತುಂಡು ಕತ್ತರಿಸಿ ಕೀವು ಹರಿಸಿದರು. ಎರಡು ದಿನದಲ್ಲಿ ಮನೆಗೆ ಹೋಗಬೇಕಾದವನು ಐದು ತಿಂಗಳ ಮೇಲೆ ಹೋದ.

ಇವತ್ತಿಗೂ ನನ್ನ ಮೈ ಉರಿಯುವುದು ಆಮೇಲೆ ನಡೆದದ್ದಕ್ಕೆ. ದೊಡ್ಡ ಡಾಕ್ಟರು ನನ್ನನ್ನು ಕರೆದು ಟೈಪು ಮಾಡಿದ ಹಾಳೆಯೊಂದನ್ನು ಮುಂದಿಟ್ಟರು. ಆಯಾಳ ಘೋರ ನಿರ್ಲಕ್ಷ್ಯದಿಂದ ಹೀಗಾಯಿತು ಎಂದಿತ್ತು.

"ಸಹಿ ಹಾಕಿ ಸಿಸ್ಟರ್. ಅವಳು ಟೆಂಪರರಿ. ತೆಗೆದರೆ ಮುಗಿಯಿತು."

ಬಾಗಿಲಲ್ಲಿ ನಿಂತಿದ್ದ ಗಂಗಮ್ಮ ನನ್ನನ್ನೇ ನೋಡುತ್ತಿದ್ದಳು.

"ನೀವ್ ಹೇಳ್ದಂಗೇ ಮಾಡ್ದೆ ಕಣಮ್ಮ. ಅವ್ನ ಉಸ್ರು ಅದ್ರಾಗೈತೆ ಅಂತ ನಂಗೆ ಯಾರ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಮೂರು ದಿನ ಆ ಬಾಟಲಿಯ ಸುತ್ತ ನೆಲ ಒರೆಸಿದವಳು ಅವಳು. ಹೇಳಲು ಅರ್ಧ ನಿಮಿಷ ಸಾಕಿತ್ತು. ಆಯಾಳಿಗೆ ಇದೆಲ್ಲ ಯಾಕೆ ಎಂಬ ಜಂಬ ನನ್ನ ಬಾಯಿ ಮುಚ್ಚಿಸಿತ್ತು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎಂಬ ಗಾದೆಯನ್ನು ನಮ್ಮ ಆಸ್ಪತ್ರೆಗಳು ನಿಯಮದಂತೆ ಪಾಲಿಸುತ್ತವೆ. ಆ ದಿನ ಅತ್ತೆಯರ ಸಾಲಿನಲ್ಲಿ ನಾನೂ ಇದ್ದೆ.

ಹಾಳೆ ಮಗುಚಿ ಹಿಂಬದಿಯಲ್ಲಿ ಬರೆದೆ: ಆದೇಶ ಡಾಕ್ಟರದು, ಅದನ್ನು ಆಯಾಳಿಗೆ ಮುಟ್ಟಿಸಿದವಳು ನಾನು, ಬಾಟಲಿ ಏನೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. "ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳೆದುಕೊಳ್ಳುತ್ತಿದ್ದೀರಿ" ಎಂದರು ಡಾಕ್ಟರು. ತಿಂಗಳೊಳಗೆ ನನ್ನನ್ನು ಪಾವಗಡದ ಕಡೆಗೆ ವರ್ಗ ಮಾಡಿದರು. ಗಂಗಮ್ಮನನ್ನು ಹೇಗೂ ತೆಗೆದೇಬಿಟ್ಟರು. ಡಾಕ್ಟರಿಗೆ ಯಾವ ಮೆಮೊವೂ ಬರಲಿಲ್ಲ.

ಅಲ್ಲಿಂದ ಮುಂದೆ ಯಾರ ಎದೆಗೆ ಟ್ಯೂಬ್ ಹಾಕಿದರೂ ನಾನು ಮೊದಲು ಕರೆಯುತ್ತಿದ್ದುದು ನೆಲ ಒರೆಸುವವರನ್ನು, ಆಮೇಲೆ ರೋಗಿಯ ಮನೆಯವರನ್ನು. ಉಸಿರಿಗೆ ತಕ್ಕಂತೆ ಟ್ಯೂಬಿನಲ್ಲಿ ನೀರು ಏರಿಳಿಯುವುದನ್ನು ತೋರಿಸಿ, ಬಾಟಲಿ ಎತ್ತಿದರೆ ಏನಾಗುತ್ತದೆಂದು ಅವರ ಬಾಯಲ್ಲೇ ಹೇಳಿಸುತ್ತಿದ್ದೆ. ರೋಗಿಯ ಜೀವಕ್ಕೆ ಕೈ ತಾಗುವ ಪ್ರತಿಯೊಬ್ಬರಿಗೂ ಕಾರಣ ಗೊತ್ತಿರಬೇಕು. ಬರೀ ಆಜ್ಞೆ ಕೊಟ್ಟು ಕೈತೊಳೆದುಕೊಳ್ಳುವವರು ಆಸ್ಪತ್ರೆಗೆ ಕಾಲಿಡಬಾರದು.

ಎರಡು ವರ್ಷದ ಮೇಲೆ ಈರಣ್ಣ ಕೆಮ್ಮಿನ ಔಷಧಿಗೆಂದು ಪಾವಗಡ ಕಡೆಯ ನಮ್ಮ ಆಸ್ಪತ್ರೆಗೆ ಬಂದ. ಗುಡ್ಡ ಹತ್ತಲಾಗದೆ ಕುರಿ ಬಿಟ್ಟಿದ್ದ. ನನ್ನ ಗುರುತು ಹಿಡಿದು, "ಗಂಗಮ್ಮ ಎಲ್ಲವ್ಳೆ?" ಎಂದು ಕೇಳಿದ.

ಕೆಲಸದಿಂದ ತೆಗೆದರು ಎಂದೆ.

"ಬಾಟ್ಲಿ ಎತ್ತಿದ್ಕಾ? ಎತ್ತು ಅಂದೋರ್ ಯಾರು?"

"ನಾನೇ."

ಅವನು ನನ್ನ ಡ್ಯೂಟಿಯ ಬಿಳಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿದ.

"ಮತ್ತೆ ನೀವಿನ್ನೂ ಇದ್ದೀರಲ್ಲ ಕಣಮ್ಮ?"