ಹತ್ತು ಎಣಿಸುವಷ್ಟರಲ್ಲಿ

ನನ್ನ ಅಪ್ಪ ಬಡಗಿ. ಬಾಗಿಲಾಗಲಿ ಮಂಚವಾಗಲಿ, ಬೇಕಾದ್ದಕ್ಕಿಂತ ಎರಡು ಮೊಳೆ ಜಾಸ್ತಿ ಹೊಡೆಯುವ ಆಸಾಮಿ. ಅವನ ಅಕ್ಕ, ಅಂದರೆ ನನ್ನ ಅತ್ತೆಗೆ, ಚಿಕ್ಕಂದಿನಲ್ಲೇ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಶಾಲೆಯ ಮೆಟ್ಟಿಲು, ಆಮೇಲೆ ಅವಳ ಆಫೀಸಿನ ಮೆಟ್ಟಿಲು, ಎಲ್ಲವನ್ನೂ ಅಪ್ಪನೇ ಬೆನ್ನ ಮೇಲೆ ಹೊತ್ತು ಹತ್ತಿಸಿದ. "ನನ್ನ ಕಾಲು ಇವನ ಹತ್ರ ಇವೆ, ಕೇಳಿದ್ರೂ ಕೊಡಲ್ಲ" ಎಂದು ಅತ್ತೆ ಗೇಲಿ ಮಾಡುತ್ತಿದ್ದಳು.

ಐವತ್ತು ದಾಟಿದ ಮೇಲೆ ಅವಳಿಗೆ ಹಾಯಿದೋಣಿ ನಡೆಸುವ ಹುಚ್ಚು ಹಿಡಿಯಿತು. ಅಪ್ಪ ಗೊಣಗುತ್ತಲೇ ದೋಣಿಯೊಳಗೆ ಒಂದು ಕುರ್ಚಿ ಕೂರಿಸಿದ. ಬೆನ್ನಿಗೆ ಆಸರೆ, ಸೊಂಟಕ್ಕೆ ಬೆಲ್ಟು, ಬೆಲ್ಟು ಬಿಚ್ಚಲು ಎಳೆಯುವ ಕೆಂಪು ದಾರ. ಬಂದರಿನ ಅಧಿಕಾರಿ ಒಪ್ಪಿದರೆ ಅತ್ತೆಯಂಥ ಇನ್ನೂ ಹನ್ನೊಂದು ಜನ ಅದರಲ್ಲಿ ಕಲಿಯಬಹುದಿತ್ತು. ಆದರೆ ಮೊದಲು ಪರೀಕ್ಷೆ. ದೋಣಿಯನ್ನು ಬೇಕೆಂದೇ ಮಗುಚುತ್ತಾರೆ. ಕೂತವರು ಹತ್ತು ಎಣಿಸುವಷ್ಟರಲ್ಲಿ ತಾವೇ ಬಿಡಿಸಿಕೊಂಡು ಮೇಲೆ ಬರಬೇಕು. ಅತ್ತೆಗೆ ಈಜು ಬರುತ್ತಿತ್ತು, ತೋಳಲ್ಲಿ ಕಸುವಿತ್ತು. ಹೆದರಿದ್ದವನು ಅಪ್ಪ ಒಬ್ಬನೇ.

ಆ ಬೆಳಿಗ್ಗೆ ಅವಳನ್ನು ಕೂರಿಸಿದ ಮೇಲೂ ಅವನು ಅವಳ ಪಾದದ ಹತ್ತಿರ ಬಹಳ ಹೊತ್ತು ಬಗ್ಗಿಕೊಂಡಿದ್ದ. ಶೂ ಸರಿಮಾಡುತ್ತಿದ್ದಾನೆ ಅಂದುಕೊಂಡೆ.

ಇಬ್ಬರು ಈಜುಗಾರರು ದೋಣಿ ಮಗುಚಿ ಪಕ್ಕಕ್ಕೆ ಸರಿದರು. ಅಧಿಕಾರಿ ಎಣಿಸತೊಡಗಿದರು. ಮೂರು ಅನ್ನುವಾಗ ಕೆಂಪು ದಾರ ನೀರಿನ ಮೇಲೆ ತೇಲಿ ಬಂತು. ಸದ್ಯ, ಬಿಚ್ಚಿಕೊಂಡಳು ಅಂದುಕೊಂಡೆ. ನಾಲ್ಕು. ಐದು. ಅತ್ತೆಯ ಸುಳಿವಿಲ್ಲ. ಆರು. ತಿರುಗಿ ನೋಡಿದರೆ ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಏಳು ಅನ್ನುವ ಮೊದಲೇ ಶೂ ಸಮೇತ ನೀರಿಗೆ ಹಾರಿದ. ಒಂಬತ್ತಕ್ಕೆ ಇಬ್ಬರೂ ಮೇಲೆ ಬಂದರು. ಅತ್ತೆ ಕೆಮ್ಮುತ್ತಿದ್ದಳು.

ಅಧಿಕಾರಿ ನಪಾಸು ಎಂದು ಬರೆಯಲು ಪೆನ್ನು ತೆಗೆದರು.

"ಬರೀಬೇಡಿ ಸರ್. ಕುರ್ಚಿದೇನೂ ತಪ್ಪಿಲ್ಲ" ಎಂದ ಅಪ್ಪ. "ಅಕ್ಕ ಜಾರಿ ಬೀಳ್ಬಾರ್ದು ಅಂತ ನಾನೇ ಕಾಲಿಗೆ ಇನ್ನೊಂದು ಪಟ್ಟಿ ಕಟ್ಟಿದ್ದೆ. ಅವಳಿಗೆ ಹೇಳಿರ್ಲಿಲ್ಲ."

ಮೊಣಕಾಲಿನ ಕೆಳಗೆ ಮುಟ್ಟಿದರೆ ಅತ್ತೆಗೆ ತಿಳಿಯುವುದಿಲ್ಲ. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಅನ್ನುವುದು ಸುಳ್ಳಲ್ಲ. ಅತ್ತೆ ಮಾತ್ರ ಕೂಗಾಡಲಿಲ್ಲ.

"ನಂಗೆ ಗೊತ್ತಾಗಲ್ಲ ಅಂತ ತಾನೇ ಅಲ್ಲಿ ಕಟ್ಟಿದ್ದು?"

ಅಪ್ಪ ಬಗ್ಗಿ ತನ್ನ ಒದ್ದೆ ಶೂ ಬಿಚ್ಚತೊಡಗಿದ.

ಈಗಲೇ ಇನ್ನೊಂದು ಸಲ ಮಗುಚಬೇಕೆಂದು ಅತ್ತೆ ಹಟ ಹಿಡಿದಳು. ಪಾದದ ಹತ್ತಿರ ಏನೂ ಇಲ್ಲವೆಂದು ನನ್ನಿಂದ ನೋಡಿಸಿದಳು. ಅಪ್ಪ ದಡದಲ್ಲೇ ನಿಲ್ಲಬೇಕು, ಎಣಿಸುವವನೂ ಅವನೇ ಆಗಬೇಕು ಅಂದಳು. ಅಧಿಕಾರಿ ಒಪ್ಪಿದರು.

ದೋಣಿ ಮಗುಚಿತು. ಅಪ್ಪ ಕಣ್ಣು ಮುಚ್ಚಿಕೊಂಡು ಶುರುಮಾಡಿದ. ನಾಲ್ಕಕ್ಕೇ ಅತ್ತೆಯ ತಲೆ ನೀರಿನಿಂದ ಮೇಲೆ ಬಂತು. ಅವಳು ಮಗುಚಿದ ದೋಣಿಯನ್ನು ಹಿಡಿದುಕೊಂಡು ನಗುತ್ತಿದ್ದಳು, ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅಪ್ಪ ಮಾತ್ರ ಕಣ್ಣು ಬಿಡದೆ, ಆರು, ಏಳು ಎಂದು ಎಣಿಸುತ್ತಲೇ ಇದ್ದ.