ಒಂದು ನಿಮಿಷ, ಮೂರು ಪ್ರಾಣಿ

"ಹುಲಿ. ಚಿರತಿ. ತ್ವಾಳ."

ಇಷ್ಟು ಹೇಳಿ ನಮ್ಮ ದೊಡ್ಡವ್ವ ಸುಮ್ಮನಾದಳು. ಮೊಬೈಲಿನ ಟೈಮರ್‌ನಲ್ಲಿ ಇನ್ನೂ ನಲವತ್ತೆರಡು ಸೆಕೆಂಡು ಬಾಕಿ ಇತ್ತು.

ನಲವತ್ತೆರಡು ಸೆಕೆಂಡು ಏನು ಮಹಾ ಅನ್ನಬೇಡಿ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಗೋಡೆ ನೋಡುತ್ತಾ ಕುಳಿತಿದ್ದಾಳೆ. ಅವಳ ಬಾಯಿಂದ ಇನ್ನೊಂದು ಹೆಸರು ಬರಲಿ ಎಂದು ಮನೆಯವರು ಉಸಿರು ಹಿಡಿದಿದ್ದಾರೆ. ಅದು ಬರುವುದಿಲ್ಲ. ಆಗ ಆ ನಲವತ್ತೆರಡು ಸೆಕೆಂಡು ಎಷ್ಟು ಉದ್ದ ಎಂಬುದು ತಿಳಿಯುತ್ತದೆ.

ಹೋದ ಭಾನುವಾರದ ಮಾತು ಇದು. ಕಮತಗಿಯಲ್ಲಿರುವ ದೊಡ್ಡವ್ವನ ಮನೆಗೆ ಊಟಕ್ಕೆ ಹೋಗಿದ್ದೆ. ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಅವಳ ಮಗ ಬೀರಣ್ಣ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ, ನಮ್ಮ ವೈನಿ, ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದವರು. ಮಗಳು ಸಂಗೀತಾ ಇಳಕಲ್ಲಿನಲ್ಲೇ ಕಾಲೇಜು ಓದುತ್ತಾಳೆ. ಆಟ ತಂದವಳು ಅವಳು.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಬಿಳಿ ಮೈಯಲ್ಲಿ ಒಂದೊಂದು ಪದ ಬರೆದಿದ್ದಳು: ತರಕಾರಿ, ಊರು, ಬಣ್ಣ, ಅಡುಗೆ ಸಾಮಾನು, ಹೀಗೆ. ಒಂದು ಚೀಟಿ ಎತ್ತಬೇಕು. ಒಂದು ನಿಮಿಷದೊಳಗೆ ಆ ಜಾತಿಯ ಎಷ್ಟು ಹೆಸರು ಬರುತ್ತವೋ ಅಷ್ಟನ್ನೂ ಹೇಳಬೇಕು. ಹೆಸರಿಗೊಂದು ಪಾಯಿಂಟ್. ಬರೆದುಕೊಳ್ಳುವ ಕೆಲಸ ನನ್ನದು. (ಪತ್ರಕರ್ತನಿಗೆ ಎಲ್ಲಿ ಹೋದರೂ ಅದೇ ಕೆಲಸ.)

ಮೊದಲು ಮಾನ ಕಳೆದುಕೊಂಡವನು ನಾನೇ. ನನಗೆ ಬಂದದ್ದು ‘ಬ ಅಕ್ಷರದ ಊರುಗಳು’. ಬಾಗಲಕೋಟೆ, ಬಾದಾಮಿ, ಬೇವೂರು, ಬೀಳಗಿ. ಅಲ್ಲಿಗೆ ಗಾಡಿ ನಿಂತಿತು. ಬೆಂಗಳೂರು ಸಹ ನೆನಪಾಗಲಿಲ್ಲ!

"ಕಾಕಾ, ದಿನಾ ಪೇಪರ್‌ನ್ಯಾಗ ಊರ ಹೆಸರ ಬರೀತೀರಿ. ಯಾರದಾರ ನೋಡಿ ಬರೀತೀರೇನ?" ಎಂದಳು ಸಂಗೀತಾ.

ಮುಂದೆ ವೈನಿಗೆ ಬಂದದ್ದು ‘ಬಣ್ಣ’. ದಾಳಿಂಬ್ರಿ, ಗಿಳಿ ಹಸಿರು, ನವಿಲ ಕೊರಳು ಎಂದು ಅವರು ಶುರು ಮಾಡಿದ್ದೇ ತಡ, ಬೀರಣ್ಣ ತಕರಾರು ತೆಗೆದ.

"ದಾಳಿಂಬ್ರಿ ಹಣ್ಣಲೇ! ಬಣ್ಣ ಅಲ್ಲ. ಕಾಟ ಹೊಡಿ ತಮ್ಮಾ."

"ನಿಮಗ ತಿನ್ನೂದಷ್ಟ ಗೊತ್ತ. ನಮ್ಮ ಓಣ್ಯಾಗ ಬಂದು ದಾಳಿಂಬ್ರಿ ಕೇಳ್ರಿ, ಸೀರಿ ತೋರಸ್ತಾರ" ಎಂದರು ವೈನಿ.

ನಾನು ಪಾಯಿಂಟ್ ಕೊಟ್ಟೆ. "ಅಂಪೈರ್ ಲಂಚ ತಿಂದಾನ" ಎಂದು ಬೀರಣ್ಣ ಗೊಣಗಿದ. (ಆ ಹೊತ್ತಿಗೆ ನನ್ನ ಕೈಯಲ್ಲಿ ವೈನಿ ಕೊಟ್ಟ ಶೇಂಗಾದ ಹೋಳಿಗೆ ಇದ್ದದ್ದು ನಿಜ.)

ಹೀಗೆ ನಗುತ್ತಿದ್ದಾಗಲೇ ದೊಡ್ಡವ್ವನ ಪಾಳಿ ಬಂತು. ಚೀಟಿ ಎತ್ತಿದಳು. ಅವಳಿಗೆ ಓದು ಬಾರದು, ಸಂಗೀತಾ ಓದಬೇಕು. ಅವಳು ಚೀಟಿ ನೋಡಿ ಒಂದು ಕ್ಷಣ ತಡೆದು, ಸಣ್ಣ ದನಿಯಲ್ಲಿ ಹೇಳಿದಳು: "ಪ್ರಾಣಿಗಳು."

ಯಾಕೆ ತಡೆದಳು? ಅದಕ್ಕೆ ಹದಿನೈದು ದಿನ ಹಿಂದಕ್ಕೆ ಹೋಗಬೇಕು.

ದೊಡ್ಡವ್ವನಿಗೆ ಈಚೆಗೆ ಮರೆವು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ. ಸಂಗೀತಾಳನ್ನು ತೀರಿಹೋದ ತಂಗಿಯ ಹೆಸರಿನಿಂದ ಎರಡು ಸಲ ಕರೆದಿದ್ದಾಳೆ. ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಕರೆತಂದರು. ನಾನಿರುವುದು ಅಲ್ಲೇ, ಜೊತೆಗೆ ಹೋಗಿದ್ದೆ. ಡಾಕ್ಟರು ಮೈಸೂರು ಕಡೆಯ ಹುಡುಗಿ, ತಾಳ್ಮೆಯವರು. ವಾರ ಕೇಳಿದರು, ತಿಂಗಳು ಕೇಳಿದರು. ಆಮೇಲೆ ಕೈಗಡಿಯಾರ ನೋಡುತ್ತಾ ಹೇಳಿದರು: "ಅಜ್ಜಿ, ಒಂದು ನಿಮಿಷದಲ್ಲಿ ನಿಮಗೆ ಗೊತ್ತಿರೋ ಪ್ರಾಣಿಗಳ ಹೆಸರೆಲ್ಲಾ ಹೇಳಿ."

ಅದೊಂದು ಪರೀಕ್ಷೆಯಂತೆ. ನಾವು ಮನೆಯಲ್ಲಿ ಮೋಜಿಗೆ ಆಡುವುದನ್ನೇ ಅಲ್ಲಿ ಮೆದುಳಿನ ಚುರುಕು ಅಳೆಯಲು ಬಳಸುತ್ತಾರೆ. ಅಲ್ಲಿಯೂ ದೊಡ್ಡವ್ವ ಮೂರೇ ಹೇಳಿದ್ದಳು. ಇವೇ ಮೂರು. ಡಾಕ್ಟರು ಏನನ್ನೋ ಬರೆದುಕೊಂಡರು. ಬೀರಣ್ಣನ ಮುಖ ಇಳಿಯಿತು.

ಹೊರಗೆ ಬಂದಮೇಲೆ ಅವನು ಕುರಿಯ ಮಾತು ತೆಗೆದ. ಮನೆಯ ಹಿಂದೆ ದೊಡ್ಡವ್ವನವು ಎಂಟು ಕುರಿ ಇವೆ. ಒಂದು ಕಾಲಕ್ಕೆ ಬೀರಪ್ಪ ದೇವರ ಹೆಸರು ಹೇಳಿ ಹಿಂಡು ಹಿಂಡು ಕಾಯ್ದ ಮನೆತನ ಅದು, ಈಗ ಉಳಿದದ್ದು ಇಷ್ಟೇ. ದಿನಾ ಬೆಳಿಗ್ಗೆ ಅವಳೇ ಅವುಗಳನ್ನು ಹೊಡೆದುಕೊಂಡು ಡಾಂಬರು ರಸ್ತೆ ದಾಟಿ ಹೊಲದ ಬದುವಿಗೆ ಹೋಗುತ್ತಾಳೆ. ರಸ್ತೆಯಲ್ಲಿ ಲಾರಿಗಳ ಓಡಾಟ.

"ನಾಲ್ಕ ಪ್ರಾಣಿ ನೆನಪ ಇಲ್ದಾಕಿ ರಸ್ತಾ ಹೆಂಗ ದಾಟತಾಳ? ಬರೂ ತಿಂಗಳ ಮೊದಲ ಸಂತಿಗೆ ಕುರಿ ಕೊಟ್ಟಬಿಡೂದ ಚಲೋ" ಎಂದ ಬೀರಣ್ಣ.

ನಾನು ಹೂಂ ಎಂದೆ. ಅದನ್ನು ಇಲ್ಲಿ ದಾಖಲಿಸಲೇಬೇಕು.

ದೊಡ್ಡವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಜಗಳ ಮಾಡಲಿಲ್ಲ. ಕುರಿಗಳ ಮೈ ತಿಕ್ಕುತ್ತಾ ಕೂಡುತ್ತಿದ್ದಳಂತೆ, ಅಷ್ಟೇ. ನಾವು ಆಟಕ್ಕೆ ಕೂತ ದಿನ ಸಂತೆಗೆ ಇನ್ನು ನಾಲ್ಕು ದಿನವಿತ್ತು.

ಈಗ ಆಟಕ್ಕೆ ಬನ್ನಿ. ಟೈಮರ್ ಕೂಗಿತು. ಬೀರಣ್ಣ ನನ್ನ ಕಡೆ ನೋಡಿದ ನೋಟದ ಅರ್ಥ ‘ನೋಡಿದ್ಯಲ್ಲ?’ ಎಂದು. ಸಂಗೀತಾ ಚೀಟಿಗಳನ್ನು ಗುಡ್ಡೆ ಮಾಡತೊಡಗಿದಳು.

ನನ್ನ ಹಾಳೆಯಲ್ಲಿ ಮೂರು ಹೆಸರಿದ್ದವು. ಹುಲಿ, ಚಿರತೆ, ತೋಳ. ಅವನ್ನು ನೋಡುತ್ತಾ ಒಂದು ಸಣ್ಣ ಪ್ರಶ್ನೆ ಎದ್ದಿತು. ಈ ಹೆಂಗಸು ಹುಟ್ಟಿದ್ದು ಕುರಿ ಹಟ್ಟಿಯ ಪಕ್ಕ. ಬೆಳಿಗ್ಗೆ ತಾನೇ ಕುರಿಗೆ ನೀರು ಕುಡಿಸಿ ಬಂದಿದ್ದಾಳೆ. ಮರೆತಳು ಅಂತಲೇ ಇಟ್ಟುಕೊಳ್ಳಿ, ಮರೆವು ಕುರಿಯನ್ನು ಬಿಟ್ಟು ಚಿರತೆಯನ್ನು ಉಳಿಸೀತೇ?

"ದೊಡ್ಡವ್ವಾ, ಕುರಿ ಯಾಕ ಹೇಳಲಿಲ್ಲ?" ಎಂದೆ.

ಅವಳು ನನ್ನನ್ನೇ ಪರೀಕ್ಷಿಸುವಂತೆ ನೋಡಿದಳು. "ಕುರಿ ಎಲ್ಲಿ ಪ್ರಾಣಿ ಆತೋ ತಮ್ಮಾ?"

"ಮತ್ತೇನ ಅದು?"

"ಕುರಿ ಅಂದ್ರ ಕುರಿ."

"ಎಮ್ಮಿ?"

"ಅದು ದನ."

"ಬೆಕ್ಕ?"

"ಅದು ಮನ್ಯಾಗಿಂದು."

"ಹಂಗಾದ್ರ ಮಂಗ್ಯಾ?"

"ಹಣಮಪ್ಪಗ ಪ್ರಾಣಿ ಅಂತೀಯೇನೋ? ಬಾಯಿ ತೊಳಕೊ!"

ಸಂಗೀತಾ ಚೀಟಿ ಬಿಟ್ಟು ಹತ್ತಿರ ಬಂದಳು. "ಆಯಿ, ಬಾದಾಮ್ಯಾಗ ನಿನ್ನ ಕೈಯಾಗಿನ ಬಾಳಿಹಣ್ಣ ಕಸಗೊಂಡು ಹೋಗಿತ್ತಲ್ಲ, ಅವತ್ತ ಏನೇನ ಬೈದಿ?"

"ಹಸದಿತ್ತು, ತಿಂತು. ಬೈದದ್ದು ಬ್ಯಾರೆ."

"ಕತ್ತಿ?" ಎಂದು ಕೊನೆಗೆ ಕತ್ತೆಗೆ ಬಂದೆ.

"ಸಾಲ್ಯಾಗ ನಿಮ್ಮಣ್ಣಗ ಮಾಸ್ತರ ಅದ ಹೆಸರ ಇಟ್ಟಿದ್ರು. ಅವನ್ನ ಕೇಳ."

ಬೀರಣ್ಣನೂ ನಕ್ಕ. ನಾನು ಬಿಡಲಿಲ್ಲ. ಹಾಗಾದರೆ ಪ್ರಾಣಿ ಎಂದರೆ ಏನು?

ದೊಡ್ಡವ್ವ ಒಂದಿಷ್ಟೂ ಯೋಚಿಸಲಿಲ್ಲ. "ಯಾವ ಕಂಡ್ರ ನಾವು ಓಡಬೇಕೋ ಅವು. ಜೋಡಿ ಇರೂವಕ್ಕ ಯಾಕ ಪ್ರಾಣಿ ಅನ್ನೂದು? ಆ ದವಾಖಾನಿ ಬಾಯಾರು ಪ್ರಾಣಿ ಕೇಳಿದ್ರು. ನಾ ಕಣ್ಣಿಲೆ ಕಂಡದ್ದು ಮೂರ. ಹುಲಿ ಸುದ್ದಾ ಸರ್ಕಸ್ಸಿನ್ಯಾಗ. ಕಾಣದ್ದಕ್ಕ ಸುಳ್ಳ ಹೇಳ್ಲ್ಯಾ?"

ನಾಲ್ಕು ಜನ ಓದಿದವರು ಪಿಳಿಪಿಳಿ ಕಣ್ಣು ಬಿಟ್ಟೆವು. ಅವಳು ಪ್ರಶ್ನೆಯನ್ನು ಮರೆತಿರಲಿಲ್ಲ. ನಮಗಿಂತ ಬಿಗಿಯಾಗಿ ಹಿಡಿದಿದ್ದಳು. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುವುದು ವರದಿಗಾರರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಅದನ್ನು ಪಾಲಿಸಿದ್ದಕ್ಕೆ ಅವಳಿಗೆ ಸೊನ್ನೆಯ ಹತ್ತಿರದ ಅಂಕ!

ಸಂಗೀತಾ ಖಾಲಿ ಚೀಟಿಯೊಂದನ್ನು ತೆಗೆದು ‘ಕುರಿ’ ಎಂದು ಬರೆದಳು. ಟೈಮರ್ ಒತ್ತಿದಳು. "ಹೂಂ, ಆಯಿ. ನಿನಗ ನೆನಪಿರೂ ಕುರಿ ಹೇಳ."

"ಬೋಳಿ. ಬೋಳಿ ಮಗಳು ಚುಕ್ಕಿ. ಕೆಂಪಿ. ಕುಂಟಿ. ಹರಕಗಿವಿ. ನನ್ನ ಲಗ್ನದಾಗ ನಮ್ಮಪ್ಪ ಕೊಟ್ಟ ಕರಿ ಮುಖದ್ದು. ಮಳ್ಯಾಗ ಹಳ್ಳದಾಗ ಹೋದದ್ದು, ಎಳಗ ಜಾತಿ ದೊಡ್ಡ ಕುರಿ. ಅದರ ಅಕ್ಕ..."

ಬರೆಯುವ ನನ್ನ ಕೈ ಹಿಂದೆ ಬಿತ್ತು. ಬೀರಣ್ಣ ನಡುವೆ ಬಾಯಿ ಹಾಕಿದ: "ಯವ್ವಾ, ಕೆಂಪಿ ಬೋಳಿ ಮಗಳಲ್ಲೇನ?"

"ತಂಗಿ! ನೀ ಹುಟ್ಟಿದ ವರ್ಷಾನ ಕೂಡಿ ಬೆಳದಾವು, ನಿನಗ ನೆನಪಿಲ್ಲೇನ?"

ಟೈಮರ್ ಕೂಗಿದರೂ ಅವಳು ನಿಲ್ಲಲಿಲ್ಲ. ನಿಮಿಷದೊಳಗೆ ಬಂದವು ಹತ್ತೊಂಬತ್ತು. ಅದರಲ್ಲಿ ಎರಡು ಹೆಸರು ಎರಡೆರಡು ಬಾರಿ ಬಂದವು. ಅದನ್ನೂ ಬರೆದುಕೊಂಡೆ. ಅವಳಿಗೆ ಮರೆವೇ ಇಲ್ಲ ಎಂದು ಹೇಳಲು ನಾನು ಹೊರಟಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದ್ದು ನಿಜವೇ.

ಆದರೆ ಇಲ್ಲಿ ಇನ್ನೊಂದು ಪ್ರಶ್ನೆ ಇದೆ. ಇಂಥ ಎಷ್ಟು ಉತ್ತರಗಳನ್ನು ನಾವು ತಪ್ಪು ಖಾನೆಗೆ ಹಾಕಿದ್ದೇವೆ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಳಕಲ್ಲಿನ ಒಂದು ಓಣಿಯಲ್ಲಿ ಮನೆ ಮನೆಗೆ ಹೋಗಿ ಹೆಂಗಸರನ್ನು ಕೇಳುತ್ತಿದ್ದೆ, "ನೀವೇನ ಕೆಲಸ ಮಾಡ್ತೀರಿ?" "ಏನಿಲ್ರಿ, ಮನ್ಯಾಗ ಇರ್ತೇನಿ" ಎನ್ನುತ್ತಿದ್ದರು. ಹೇಳುವಾಗ ಅವರ ಕೈ ಕಂಡಿಕೆಗೆ ನೂಲು ಸುತ್ತುತ್ತಲೇ ಇತ್ತು. ಅವರು ಸುತ್ತದಿದ್ದರೆ ಮಗ್ಗ ನಡೆಯದು. ನಾನು ಬರೆದುಕೊಂಡದ್ದೇನು? ‘ಕೆಲಸವಿಲ್ಲ.’ ಅವರ ಲೆಕ್ಕದಲ್ಲಿ ಕೆಲಸ ಎಂದರೆ ಹೊರಗೆ ಹೋಗಿ ಮಾಡುವುದು. ನನ್ನ ಲೆಕ್ಕವನ್ನು ನಾನು ಹೇಳಲಿಲ್ಲ, ಅವರದನ್ನು ಕೇಳಲಿಲ್ಲ. ಆ ವರದಿ ಅಚ್ಚೂ ಆಯಿತು.

ನಾವೆಲ್ಲ ಉತ್ತರ ಎಣಿಸುವುದರಲ್ಲಿ ಗಟ್ಟಿಗರು. ಪ್ರಶ್ನೆ ತಲುಪಿತೇ ಎಂದು ನೋಡುವವರು ಯಾರು?

ಆ ಸಂಜೆ ಬೀರಣ್ಣ ನನ್ನನ್ನು ಬಸ್ಸಿಗೆ ಬಿಡಲು ಬಂದವನು, ಬಸ್ಸು ಕಾಣಿಸಿದಾಗ ಹೇಳಿದ: "ನಾಳಿಗೆ ಯವ್ವನ್ನ ಕರಕೊಂಡು ಬರ್ತೇನಿ. ಮತ್ತೊಮ್ಮೆ ತೋರಸೂಣು. ಆ ಬಾಯಾರು ಏನಂತಾರ ನೋಡಿ ಸಂತಿ ವಿಚಾರ."

ಸೋಮವಾರ ಮತ್ತೆ ಅದೇ ಕುರ್ಚಿ, ಅದೇ ಡಾಕ್ಟರು. ನಡೆದದ್ದನ್ನು ಹೇಳಿದೆ. ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ನಮ್ಮಜ್ಜಿ ಮನೇಲಿ ಹಸು ಇತ್ತು. ಅದನ್ನ ಪ್ರಾಣಿ ಅಂದಿದ್ರೆ ನನಗೆ ಒದೆ ಬೀಳ್ತಿತ್ತು" ಎಂದು ನಕ್ಕರು. ಮತ್ತೆ ಕೇಳಿದರು, ಈ ಸಲ ಬಿಡಿಸಿ: ಮನೆಯವು, ಹೊಲದವು, ಅಡವಿಯವು, ನಾಲ್ಕು ಕಾಲಿನ ಯಾವುದಾದರೂ ಸರಿ. ದೊಡ್ಡವ್ವ ಹದಿನಾಲ್ಕು ಹೇಳಿದಳು. (ಮಂಗ ಮಾತ್ರ ಬರಲಿಲ್ಲ.)

"ಮರೆವು ಇದೆ, ಇಲ್ಲ ಅನ್ನಲ್ಲ. ಮಾತ್ರೆ ತಗೋಬೇಕು, ಮತ್ತೆ ಬಂದು ತೋರಿಸಬೇಕು. ಆದ್ರೆ ನಾನು ಅಂದುಕೊಂಡಷ್ಟು ಇಲ್ಲ" ಎಂದರು ಡಾಕ್ಟರು.

ಬೀರಣ್ಣ ಕೇಳಿದ: "ಕುರಿ ಇಟ್ಟಗೋಬಹುದೇನ್ರಿ?"

ದೊಡ್ಡವ್ವ ಸೆರಗಿನ ತುದಿ ಹಿಡಿದಿದ್ದ ಕೈಯನ್ನು ಬಿಗಿ ಮಾಡಿದಳು.

"ಇರಲಿ. ಕುರಿ ಜೊತೆ ಇದ್ರೆ ಇವರಿಗೆ ಒಳ್ಳೇದೇ" ಎಂದ ಡಾಕ್ಟರು, ಒಂದು ಷರತ್ತು ಹಾಕಿದರು. ರಸ್ತೆ ದಾಟಿಸಲು ಯಾರಾದರೂ ಇರಬೇಕು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಸಂಜೆ ಮುಚ್ಚಿದ ಮೇಲೆ ತಾನೇ ದಾಟಿಸುತ್ತೇನೆ ಎಂದು ಬೀರಣ್ಣ ಒಪ್ಪಿಕೊಂಡ. ಡಾಕ್ಟರು ದೊಡ್ಡವ್ವನ ಕಡೆ ತಿರುಗಿ, ಸ್ವಲ್ಪ ಜೋರಾಗಿ ಹೇಳಿದರು: "ಇನ್ನು ಮೇಲೆ ಒಬ್ಬರೇ ಹೋಗಬಾರದು ಅಜ್ಜಿ. ಗೊತ್ತಾಯ್ತಾ?"

ದೊಡ್ಡವ್ವನಿಗೆ ಆಶ್ಚರ್ಯವಾಯಿತು. "ಒಬ್ಬಾಕಿ ಯಾವಾಗ ಹೋಗೇನ್ರಿ ಬಾಯಾರ? ಎಂಟ ಅವು, ನಾ ಒಬ್ಬಾಕಿ. ಒಂಬತ್ತ ಮಂದಿ ಹೋಗ್ತೇವಲ್ಲ!"

ಡಾಕ್ಟರ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ನೀವೇ ಹೇಳಿ, ಇದನ್ನು ಬರೆದುಕೊಳ್ಳುವುದು ಮರೆವಿನ ಖಾನೆಯಲ್ಲೋ, ನೆನಪಿನದರಲ್ಲೋ?