ಚೆಂಡು ಅಲುಗುವವರೆಗೆ

ದೇವರು ಥಡ್ಡಿಯಸನನ್ನು ಬಾಗಿಲುಗಳ ಅಳತೆ ನೋಡದೆ ಸೃಷ್ಟಿಸಿದ್ದನು. ಹನ್ನೆರಡು ವರ್ಷ ಅಮೆರಿಕನ್ ಫುಟ್‌ಬಾಲ್‌ನ ರಕ್ಷಣಾ ಸಾಲಿನಲ್ಲಿ ನೆಲಕ್ಕೆ ಕೈಯೂರಿ, ಎದುರಾಳಿಗಳ ಮೋಸದ ಕೂಗಿಗೆ ಜಗ್ಗದೆ, ಚೆಂಡು ಅಲುಗಿದೊಡನೆ ಮಾತ್ರ ಮುನ್ನುಗ್ಗಿದವನು ಅವನು. ಆ ಶಿಸ್ತು ಮನೆಗೂ ಬಂದಿತ್ತು: ಹೆಂಡತಿ ಲವಿನಿಯಾ ಊಟಕ್ಕೆ ಎಷ್ಟು ಕರೆದರೂ, ಹುರಿದ ಕೋಳಿಯ ತಟ್ಟೆ ಅಲುಗಿದಾಗಲೇ ಏಳುವನು. “ದೇವ್ರು ನಿಂಗೆ ಕಿವಿ ಕೊಟ್ಟಿದ್ದು ಹೆಲ್ಮೆಟ್ ನಿಲ್ಲೋಕಾ?” ಎನ್ನುವಳು. “ಆಟದಲ್ಲಿ ಚೆಂಡು ಅಲುಗೋ ಮುಂಚೆ ಕೂಗಿಗೆ ಎದ್ರೆ ಐದು ಗಜ ದಂಡ ಕಣೇ,” ಎನ್ನುವನು. ಕುತ್ತಿಗೆಗೆ ಇನ್ನೊಂದು ಪೆಟ್ಟು ಬಿದ್ದರೆ ಮತ್ತೆ ನಡೆಯಲಾರೆ, ಆಟ ಬಿಡು ಎಂದು ವೈದ್ಯರು ಹೇಳಿದರು, ನಮ್ಮ ಪಾದ್ರಿಗಳೂ ಹೇಳಿದರು, ಅವನು ಜಗ್ಗಲಿಲ್ಲ. ಹದಿಮೂರನೆಯ ವರ್ಷದ ತರಬೇತಿಗೆ ಹೊರಟ ಬೆಳಿಗ್ಗೆ, ಅವನ ಬೆರಳುಗಳು ಆಟದಲ್ಲಿ ಜಜ್ಜಿ ಮಡಚಲಾಗದಂತಾಗಿದ್ದರಿಂದ, ಎಂದಿನಂತೆ ಲವಿನಿಯಾಳೇ ಅಂಗಿಯ ಗುಂಡಿ ಹಾಕುತ್ತಿದ್ದಳು. ಅವಳು ಏನೂ ಹೇಳಲಿಲ್ಲ. ಕೈ ಮಾತ್ರ ನಡುಗಿತು. ಅದನ್ನು ಕಂಡೊಡನೆ ಥಡ್ಡಿಯಸ್, “ಗುಂಡಿ ಬಿಚ್ಚು ಕಣೇ, ಹೋಗಲ್ಲ,” ಎಂದನು.